ಮಕ್ಕಳ ತೋಟ ಯಾರ ಹೆಸರಿಗಿದೆ?

ನಮ್ಮ ಮಗ ಫ್ರೀಮಾಂಟಿನ ಸರ್ಕಾರಿ ಶಾಲೆಯಲ್ಲಿ ಕಿಂಡರ್‌ಗಾರ್ಟನ್ ಓದುತ್ತಿದ್ದ ವರ್ಷ ಅಮ್ಮ ತಿಪಟೂರಿನಿಂದ ಬಂದಿದ್ದಳು. ಬೆಳಿಗ್ಗೆ ಅವನನ್ನು ಶಾಲೆಯ ಗೇಟಿನವರೆಗೆ ನಡೆಸಿಕೊಂಡು ಹೋಗಿ ಬಿಡುವ ಕೆಲಸವನ್ನು ಎರಡನೇ ದಿನವೇ ತಾನು ವಹಿಸಿಕೊಂಡಳು. ಒಂದು ವಾರ ಕಳೆದ ಮೇಲೆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

"ಅದೇನೇ ಅದು, ಕಿಂಡರ್‌ಗಾರ್ಟನ್ ಅಂದ್ರೆ?"

"ಜರ್ಮನ್ ಪದ ಕಣಮ್ಮ. ಕಿಂಡರ್ ಅಂದ್ರೆ ಮಕ್ಕಳು, ಗಾರ್ಟನ್ ಅಂದ್ರೆ ತೋಟ. ಮಕ್ಕಳ ತೋಟ."

"ಯಾವ ಮಕ್ಕಳ್ದು? ಯಾರ ಹೆಸರಿಗಿದೆ?"

ತಿಪಟೂರಿನ ಕಡೆಯವರಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮಲ್ಲಿ ತೋಟ ಅಂದರೆ ತೆಂಗಿನ ತೋಟ. ಹೂವು, ಹುಲ್ಲು, ಬೆಂಚು ಇರುವುದು ಪಾರ್ಕು. ತೋಟಕ್ಕೆ ಸರ್ವೆ ನಂಬರು ಇರುತ್ತದೆ, ಪಹಣಿ ಇರುತ್ತದೆ, ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟುಹೋಗುವಷ್ಟು ಕಾರಣ ಇರುತ್ತದೆ. 'ಮಕ್ಕಳ ತೋಟ' ಎಂದರೆ ಅಪ್ಪ ಪಾಲು ಮಾಡಿ ಮಕ್ಕಳ ಹೆಸರಿಗೆ ಬರೆದುಕೊಟ್ಟ ತೋಟ, ಅಷ್ಟೇ. ನಾನೂ ನನ್ನ ಗಂಡನೂ ನಕ್ಕೆವು. ಅಮ್ಮ ನಗಲಿಲ್ಲ. ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ವ್ಯಾಕರಣದ ಸಂಬಂಧ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಆದರೆ ಆಸ್ತಿ ಯಾರ ಹೆಸರಿಗಿದೆ ಎಂದು ಕೇಳಿದರೆ ಅದನ್ನು ಹುಡುಕದೆ ಬಿಡುವುದು ನನ್ನ ವೃತ್ತಿಗೆ ಒಗ್ಗುವುದಿಲ್ಲ.

ಮೊದಲು ಪದವನ್ನು ಬಿಡಿಸಿ ನೋಡೋಣ. ಎಸ್ಸೆಸ್ಸೆಲ್ಸಿಯ ಮೇಷ್ಟ್ರು ಹೇಳಿಕೊಟ್ಟ ಸಮಾಸದ ಲೆಕ್ಕ ಜರ್ಮನ್ನಿಗೂ ಸರಿಯಾಗಿ ಕೂರುತ್ತದೆ. ಉತ್ತರಪದದ ಅರ್ಥ ಪ್ರಧಾನವಾದರೆ ತತ್ಪುರುಷ. ಹೂವಿನ ತೋಟ ಹೂದೋಟವಾದಂತೆ, ಕಿಂಡರ್ ಮತ್ತು ಗಾರ್ಟನ್ ಸೇರಿದರೂ ಕೊನೆಗೆ ಉಳಿಯುವುದು ತೋಟವೇ. ಅವರಿಗೆ ನಮ್ಮ ಆದೇಶ ಸಂಧಿ ಇಲ್ಲ, ಅಷ್ಟೇ ವ್ಯತ್ಯಾಸ. ತೊಡಕು ಇರುವುದು ಎರಡು ಪದಗಳ ನಡುವೆ ಅಡಗಿದ ವಿಭಕ್ತಿಯಲ್ಲಿ. ಹೂದೋಟದಲ್ಲಿ ಹೂವು ಬೆಳೆಯುತ್ತದೆ. ಆಟದ ಮೈದಾನದಲ್ಲಿ ಆಟ ಬೆಳೆಯುವುದಿಲ್ಲ, ಅದು ಆಟಕ್ಕಾಗಿ ಇರುವ ಮೈದಾನ. ಹಾಗಾದರೆ ಕಿಂಡರ್‌ಗಾರ್ಟನ್ ಮಕ್ಕಳನ್ನು ಬೆಳೆಯುವ ತೋಟವೋ, ಮಕ್ಕಳಿಗಾಗಿ ಇರುವ ತೋಟವೋ, ಅಮ್ಮ ಹೇಳಿದಂತೆ ಮಕ್ಕಳದೇ ತೋಟವೋ? ಜರ್ಮನ್ ವ್ಯಾಕರಣ ಮೂರಕ್ಕೂ ಒಪ್ಪುತ್ತದೆ. ಪದ ಕಟ್ಟಿದವನನ್ನೇ ಕೇಳಬೇಕು.

ಅವನ ಹೆಸರು ಫ್ರೀಡ್ರಿಖ್ ಫ್ರೋಬೆಲ್. 1782ರಲ್ಲಿ ಜರ್ಮನಿಯ ತುರಿಂಗಿಯಾ ಕಾಡುಸೀಮೆಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ. ಒಂಬತ್ತು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಳು. ಹುಡುಗನಾಗಿದ್ದಾಗ ಒಬ್ಬ ಅರಣ್ಯಾಧಿಕಾರಿಯ ಕೈಕೆಳಗೆ ಕೆಲಸ ಕಲಿತ, ಆಮೇಲೆ ಹರಳುಗಳ ವಿಜ್ಞಾನ ಓದಿದ, ನಡುವೆ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲಾಟ್ಜಿಯ ಶಾಲೆಯಲ್ಲಿ ಎರಡು ವರ್ಷ ಇದ್ದ. ಮರ ಮತ್ತು ಹರಳು, ಎರಡೂ ಒಳಗಿನಿಂದ ತಮ್ಮ ಆಕಾರವನ್ನು ತಾವೇ ಪಡೆಯುವಂಥವು ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮಕ್ಕಳೂ ಹಾಗೆಯೇ ಎಂದು ನಂಬಿದ.

1837ರಲ್ಲಿ ಬಾಡ್ ಬ್ಲಾಂಕನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದ. ಕೆಲಸ ಸರಿಯಾಗಿತ್ತು, ಹೆಸರು ಸರಿಯಾಗಲಿಲ್ಲ. ಮಕ್ಕಳ ಪೋಷಣೆ, ಆಟ ಮತ್ತು ಚಟುವಟಿಕೆಗಳ ಸಂಸ್ಥೆ ಎಂಬರ್ಥದ ಉದ್ದನೆಯ ಹೆಸರುಗಳನ್ನು ಇಟ್ಟು ನೋಡಿದ. ನಮ್ಮ ಸರ್ಕಾರಿ ಯೋಜನೆಗಳ ಹೆಸರಿನ ಹಾಗೆ ಅವೆಲ್ಲ ಸತ್ಯ ಹೇಳುತ್ತಿದ್ದವು, ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅಂದಿನ ಜರ್ಮನಿಯಲ್ಲಿ ಚಿಕ್ಕ ಮಕ್ಕಳನ್ನು ಇಟ್ಟುಕೊಳ್ಳುವ ಬೇರೆ ಜಾಗಗಳೂ ಇದ್ದವು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಸಂಜೆಯವರೆಗೆ ಕಾಯುವ ಆ ಜಾಗಗಳ ಹೆಸರಿನಲ್ಲೇ ಕಾವಲು ಎಂಬ ಅರ್ಥವಿತ್ತು. ಫ್ರೋಬೆಲನಿಗೆ ಕಾವಲೂ ಬೇಡ, ಶಾಲೆಯೂ ಬೇಡ. 1840ರ ವಸಂತದಲ್ಲಿ ಇಬ್ಬರು ಗೆಳೆಯರೊಂದಿಗೆ ಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದಾಗ ಕೆಳಗಿನ ಕಣಿವೆ ನೋಡಿ ತಟ್ಟನೆ ನಿಂತು, ಸಿಕ್ಕಿತು, ಕಿಂಡರ್‌ಗಾರ್ಟನ್ ಎಂದೇ ಹೆಸರಿಡೋಣ ಎಂದು ಕೂಗಿದನೆಂದು ಜೊತೆಯಲ್ಲಿದ್ದ ಬಾರೋಪ್ ಮುಂದೆ ಬರೆದಿಟ್ಟಿದ್ದಾನೆ. ಅದೇ ವರ್ಷ ಜೂನ್ 28ರಂದು, ಗುಟೆನ್‌ಬರ್ಗನ ಮುದ್ರಣದ ನಾನೂರನೇ ವರ್ಷದ ಉತ್ಸವದ ಸಂದರ್ಭದಲ್ಲಿ, ಹೆಸರು ಅಧಿಕೃತವಾಯಿತು.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಮಗು ಗಿಡ, ಟೀಚರು ಮಾಲಿ ಎಂಬ ರೂಪಕವನ್ನು ನಾವೆಲ್ಲ ಕೇಳಿದ್ದೇವೆ, ಫ್ರೋಬೆಲನ ಮನಸ್ಸಿನಲ್ಲಿ ಅದು ಇದ್ದೇ ಇತ್ತು. ಆದರೆ ಅವನು ರೂಪಕಕ್ಕೆ ನಿಲ್ಲಲಿಲ್ಲ. ಕಿಂಡರ್‌ಗಾರ್ಟನ್‌ನಲ್ಲಿ ನಿಜವಾದ ತೋಟ ಇರಬೇಕು, ಅದರಲ್ಲಿ ಎಲ್ಲರಿಗೂ ಸೇರಿದ ಪಾತಿಗಳು ಸುತ್ತ ಇದ್ದು, ನಡುವೆ ಒಂದೊಂದು ಮಗುವಿಗೂ ತನ್ನದೇ ಒಂದು ಪುಟ್ಟ ಪಾತಿ ಇರಬೇಕು ಎಂದು ನಕ್ಷೆಯನ್ನೇ ಹಾಕಿದ. ಆ ಪಾತಿಯಲ್ಲಿ ಮಗುವಿನ ಹೆಸರು ಬರೆದ ಸಣ್ಣ ಹಲಗೆ ನೆಡಬೇಕು. ತನ್ನ ಪಾತಿಗೆ ನೀರು ಹಾಕದಿದ್ದರೆ ಏನಾಗುತ್ತದೆ, ಪಕ್ಕದವನ ಪಾತಿ ತುಳಿದರೆ ಏನಾಗುತ್ತದೆ ಎಂಬುದನ್ನು ಮಗು ಅಲ್ಲೇ ಕಲಿಯಲಿ ಎಂಬುದು ಅವನ ಎಣಿಕೆ. ಅಂದರೆ ತೋಟ ಮಕ್ಕಳ ಹೆಸರಿಗೇ ಇತ್ತು! ತಿಪಟೂರಿನ ಅರ್ಥವೂ ತಪ್ಪಲ್ಲ ಎಂದು ಅಮ್ಮನಿಗೆ ಹೇಳಿದಾಗ, "ಮತ್ತೆ, ನಾನೇನು ಹೇಳ್ದೆ?" ಅಂದಳು.

ಪದದ ಎರಡು ತುಂಡುಗಳ ವಂಶಾವಳಿ ಇನ್ನೂ ಹಿಂದಕ್ಕೆ ಹೋಗುತ್ತದೆ. 'ಕಿಂಡ್' ಎಂಬುದರ ಬೇರಿನಲ್ಲಿರುವುದು ಹುಟ್ಟು ಎಂಬ ಅರ್ಥ. ಇಂಗ್ಲಿಷಿನ ಕಿನ್, ಕೈಂಡ್, ಲ್ಯಾಟಿನ್ನಿನ ಜೀನಸ್, ಸಂಸ್ಕೃತದ ಜನ, ಜನನ, ಜಾತ ಎಲ್ಲವೂ ಒಂದೇ ಬೇರಿನವು. ನಮ್ಮ ಲೆಕ್ಕಪತ್ರದಲ್ಲಿ ಹಣದ ಬದಲು ವಸ್ತುರೂಪದಲ್ಲಿ ಕೊಟ್ಟ ದಾನಕ್ಕೆ ಇನ್-ಕೈಂಡ್ ಎನ್ನುತ್ತೇವಲ್ಲ, ಅದೂ ಈ ಮನೆತನದ್ದೇ ಎಂದು ತಿಳಿದು ನನಗೆ ವಿನಾಕಾರಣ ಖುಷಿಯಾಯಿತು. 'ಗಾರ್ಟನ್' ಎಂಬುದರ ಮೂಲದಲ್ಲಿ ಗಿಡವೂ ಇಲ್ಲ, ಹೂವೂ ಇಲ್ಲ. ಇರುವುದು ಬೇಲಿ. ಸುತ್ತುಗಟ್ಟಿದ ಜಾಗ ಎಂಬುದೇ ಮೊದಲ ಅರ್ಥ. ಇಂಗ್ಲಿಷಿನ ಯಾರ್ಡ್ ಮತ್ತು ಗಾರ್ಡನ್ ಎರಡೂ ಇದರ ನೆಂಟರು. ಹಳೆಯ ಗಾಥಿಕ್ ಭಾಷೆಯಲ್ಲಿ ಇದೇ ಪದಕ್ಕೆ ಮನೆ ಎಂಬ ಅರ್ಥ, ರಷ್ಯನ್ನಿನಲ್ಲಿ ಊರು ಎಂಬ ಅರ್ಥ. ಸಂಸ್ಕೃತದ ಗೃಹವನ್ನೂ ಇದೇ ಬಳಗಕ್ಕೆ ಸೇರಿಸುತ್ತಾರೆ. ಹಾಗೆ ನೋಡಿದರೆ ಕಿಂಡರ್‌ಗಾರ್ಟನ್ನನ್ನು ಬೇರುಬೇರಾಗಿಯೇ ಕನ್ನಡಕ್ಕೆ ಇಳಿಸಿದರೆ 'ಜಾತಗೃಹ' ಆಗಬೇಕು. ಹೆರಿಗೆ ಆಸ್ಪತ್ರೆಯ ಹೆಸರಿನಂತೆ ಕೇಳುತ್ತದೆ, ಬೇಡ ಬಿಡಿ. ಇತ್ತೀಚೆಗೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು 'ಕೂಸಿನ ಮನೆ' ತೆರೆದಿದ್ದಾರೆ. ಇಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ಅದೇ ಅಚ್ಚಗನ್ನಡದ ಅನುವಾದ.

ನಮ್ಮ ತೋಟದ ಕಥೆ ಬೇರೆ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೇ ಏರಿಯಾದಲ್ಲೇ ಅರ್ಧ ಹುಟ್ಟಿದ ಪುಸ್ತಕವೊಂದರಲ್ಲಿ. ಬರ್ಕ್ಲಿಯಲ್ಲಿ ಮರ್ರೆ ಎಮನೋ ಎಂಬ ಪ್ರಾಧ್ಯಾಪಕರಿದ್ದರು. ನೀಲಗಿರಿಯ ತೋಡರ, ಕೋತರ ಭಾಷೆಗಳನ್ನೂ ಕೊಡವ ಭಾಷೆಯನ್ನೂ 1930ರ ದಶಕದಲ್ಲಿ ಅಲ್ಲಿಗೇ ಹೋಗಿ ಕಲಿತು ಬಂದವರು. ಅವರೂ ಆಕ್ಸ್‌ಫರ್ಡಿನ ಥಾಮಸ್ ಬರೋ ಅವರೂ ಸೇರಿ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟನ್ನು ತಂದರು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಅದರ ಕನ್ನಡ ಭಾಗಕ್ಕೆ ದೊಡ್ಡ ಆಧಾರ. ಎಮನೋ 101 ವರ್ಷ ಬದುಕಿ 2005ರಲ್ಲಿ ತೀರಿಕೊಂಡರು. ನಾನು ಈ ದೇಶಕ್ಕೆ ಬಂದಾಗ ಅವರಿನ್ನೂ ಇದ್ದರು, ನಲವತ್ತು ಮೈಲಿ ದೂರದಲ್ಲಿ, ನನಗೆ ಹೆಸರೂ ಗೊತ್ತಿರಲಿಲ್ಲ. ಅವರ ನಿಘಂಟಿನಲ್ಲಿ ನಮ್ಮ ತೋಟ, ಹಳೆಗನ್ನಡದ ತೋಂಟ, ತಮಿಳಿನ ತೋಟ್ಟಂ ಇವೆಲ್ಲ ಅಗೆಯುವುದು ಎಂಬ ಅರ್ಥದ ತೋಡು ಪದದ ಜೊತೆಗೇ ಕೂತಿವೆ. ಜರ್ಮನರಿಗೆ ತೋಟ ಎಂದರೆ ಬೇಲಿ ಹಾಕಿದ್ದು, ನಮಗೆ ತೋಡಿದ್ದು! ತೆಂಗಿನ ಸಸಿಗೆ ಮೂರಡಿ ಗುಣಿ ತೋಡುವ ಆಳುಗಳಿಗೆ ಕಾಫಿ ಹೊತ್ತುಕೊಂಡು ಹೋಗಿದ್ದ ನನಗೆ ಇದನ್ನು ಹೇಳಿಕೊಡಲು ಬರ್ಕ್ಲಿಯ ಪ್ರಾಧ್ಯಾಪಕರು ಬೇಕಾಯಿತು.

ಮತ್ತೆ ಫ್ರೋಬೆಲನಿಗೆ. 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಬಿತ್ತುತ್ತಾರೆ ಎಂಬ ಆರೋಪ. ಅದರ ಹಿಂದೆ ಒಂದು ಹೆಸರಿನ ಗೊಂದಲವಿತ್ತು. ಫ್ರೋಬೆಲನ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಒಂದು ಕಿರುಹೊತ್ತಿಗೆ ಬರೆದಿದ್ದ, ಅದರ ತಲೆಬರಹದಲ್ಲಿ ಕಿಂಡರ್‌ಗಾರ್ಟನ್ ಎಂಬ ಪದವೂ ಇತ್ತು. ಮಂತ್ರಿಗಳ ಕಚೇರಿಯಲ್ಲಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಖಾತೆಗೆ ಹಾಕಿದರು. ತಪ್ಪು ತಿಳಿಸಿ ಬರೆದರೂ ಆದೇಶ ಹಿಂದೆಗೆಯಲಿಲ್ಲ. 1852ರ ಜೂನಿನಲ್ಲಿ ಮುದುಕ ತೀರಿಕೊಂಡ. ನಿಷೇಧ ಎದ್ದಿದ್ದು 1860ರಲ್ಲಿ.

ಆದರೆ ಪದ ಅಷ್ಟರಲ್ಲಿ ಹಡಗು ಹತ್ತಿತ್ತು. 1856ರಲ್ಲಿ ಮಾರ್ಗರೆಟಾ ಶುರ್ಜ್ ಎಂಬ ಜರ್ಮನ್ ಹೆಂಗಸು ವಿಸ್ಕಾನ್ಸಿನ್ನಿನ ವಾಟರ್‌ಟೌನ್‌ನಲ್ಲಿ ತನ್ನ ಮಗಳು ಮತ್ತು ನೆಂಟರ ಮಕ್ಕಳಿಗೆಂದು ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಶುರುಮಾಡಿದಳು. ಅಲ್ಲಿ ಮಾತು ಜರ್ಮನ್ನೇ. ಇಲ್ಲಿ ನಾವು ಭಾನುವಾರ ಕನ್ನಡ ಕಲಿ ತರಗತಿ ನಡೆಸುತ್ತೇವಲ್ಲ, ಅದೇ ಮನಸ್ಸು. 1860ರಲ್ಲಿ ಬಾಸ್ಟನ್ನಿನ ಎಲಿಜಬೆತ್ ಪೀಬಡಿ ಇಂಗ್ಲಿಷಿನಲ್ಲಿ ಆರಂಭಿಸಿದಳು, ಹೆಸರನ್ನು ಮಾತ್ರ ಅನುವಾದಿಸದೆ ಉಳಿಸಿಕೊಂಡಳು.

ನಮ್ಮ ಕಡೆಗೆ ಅದನ್ನು ತಂದವಳು ಎಮ್ಮಾ ಮಾರ್ವೆಡೆಲ್, ಆಕೆಯೂ ಜರ್ಮನಿಯವಳು. 1876ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶಾಲೆ ತೆರೆದಾಗ ಅವಳ ಶಿಷ್ಯೆಯರಲ್ಲಿ ಕೇಟ್ ಸ್ಮಿತ್ ಎಂಬ ಇಪ್ಪತ್ತರ ಹುಡುಗಿ ಇದ್ದಳು. ಮುಂದೆ ಕೇಟ್ ಡಗ್ಲಸ್ ವಿಗ್ಗಿನ್ ಎಂಬ ಹೆಸರಿನಲ್ಲಿ ಮಕ್ಕಳ ಕಾದಂಬರಿಗಳಿಂದ ಪ್ರಸಿದ್ಧಳಾದವಳು ಇವಳೇ. 1878ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಲ್ವರ್ ಸ್ಟ್ರೀಟಿನಲ್ಲಿ, ಮಾರ್ಕೆಟ್ ಸ್ಟ್ರೀಟಿನ ದಕ್ಷಿಣದ ಬಡವರ ಕೇರಿಯಲ್ಲಿ, ರಾಕಿ ಪರ್ವತಗಳ ಈಚೆಗಿನ ಮೊದಲ ಉಚಿತ ಕಿಂಡರ್‌ಗಾರ್ಟನ್ ನಡೆಸಲು ಅವಳನ್ನು ನೇಮಿಸಿದರು. ಮರುವರ್ಷವೇ ಸಾರಾ ಕೂಪರ್ ಎಂಬಾಕೆ ಜಾಕ್ಸನ್ ಸ್ಟ್ರೀಟಿನಲ್ಲಿ, ಕುಡುಕರಿಗೂ ನಾವಿಕರ ಹೊಡೆದಾಟಕ್ಕೂ ಹೆಸರಾದ ಬಾರ್ಬರಿ ಕೋಸ್ಟಿನ ಅಂಚಿನಲ್ಲಿ, ಇನ್ನೊಂದನ್ನು ತೆರೆದಳು. ಅದರಿಂದ ಬೆಳೆದದ್ದು ಗೋಲ್ಡನ್ ಗೇಟ್ ಕಿಂಡರ್‌ಗಾರ್ಟನ್ ಅಸೋಸಿಯೇಷನ್. ಫೀಬಿ ಹರ್ಸ್ಟ್, ಜೇನ್ ಸ್ಟ್ಯಾನ್‌ಫರ್ಡ್‌ರಂಥ ಸಿರಿವಂತರ ಹೆಂಡತಿಯರು ಹಣ ಕೊಟ್ಟರು. ಜೇನ್ ಸ್ಟ್ಯಾನ್‌ಫರ್ಡ್ 1884ರಲ್ಲಿ ಹದಿನೈದು ವರ್ಷದ ಒಬ್ಬನೇ ಮಗನನ್ನು ಕಳೆದುಕೊಂಡವಳು. ಮಗನ ಹೆಸರಿನ ವಿಶ್ವವಿದ್ಯಾಲಯ ಎಲ್ಲರಿಗೂ ಗೊತ್ತು, ಆ ದುಃಖದ ಹಣ ಕಿಂಡರ್‌ಗಾರ್ಟನ್‌ಗಳಿಗೂ ಹರಿಯಿತೆಂಬುದು ನನಗೆ ಗೊತ್ತಿರಲಿಲ್ಲ. ನಾನು ವಾರಕ್ಕೆ ಮೂರು ದಿನ ಬಾರ್ಟ್ ರೈಲಿನಲ್ಲಿ ಹೋಗುವ ಆಫೀಸು ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕೇ ಇದೆ. ಆ ಕೇರಿ 1906ರ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗಿರುವುದೆಲ್ಲ ಗಾಜು.

ಆ ಕಾಲದ ಬರಹಗಳನ್ನು ಓದುವಾಗ ಒಂದು ಪದದ ಹತ್ತಿರ ನಾನು ಪದೇಪದೇ ಎಡವಿದೆ. ಕಿಂಡರ್‌ಗಾರ್ಟ್‌ನರ್. ನನ್ನ ಮಗ ಕಿಂಡರ್‌ಗಾರ್ಟ್‌ನರ್, ಅಂದರೆ ಆ ತರಗತಿಯ ಮಗು. ಆದರೆ 1880ರ ಬರಹಗಳಲ್ಲಿ ಕಿಂಡರ್‌ಗಾರ್ಟ್‌ನರ್‌ಗಳಿಗೆ ತರಬೇತಿ ಕೊಡುತ್ತಾರೆ, ಕಿಂಡರ್‌ಗಾರ್ಟ್‌ನರ್‌ಗಳ ಕೊರತೆ ಇದೆ ಎನ್ನುತ್ತಾರೆ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಾರ್ಟ್‌ನರ್ ಎಂದರೆ ಜರ್ಮನ್ನಿನಲ್ಲಿ ಮಾಲಿ, ತೋಟಗಾರ. ಆಗ ಕಿಂಡರ್‌ಗಾರ್ಟ್‌ನರ್ ಎಂದರೆ ಕಲಿಸುವವಳು. ಇಪ್ಪತ್ತನೇ ಶತಮಾನದಲ್ಲಿ ಕಿಂಡರ್‌ಗಾರ್ಟನ್ ಸರ್ಕಾರಿ ಶಾಲೆಯ ಒಂದು ತರಗತಿಯಾದ ಮೇಲೆ ಅವಳು ಬರಿಯ ಟೀಚರ್ ಆದಳು, ಹೆಸರು ಖಾಲಿ ಉಳಿಯಿತು, ಮಗು ಬಂದು ಅದರಲ್ಲಿ ಕೂತಿತು. ಫಸ್ಟ್ ಗ್ರೇಡರ್ ಇದ್ದ ಹಾಗೆ. ಪದ ಅದೇ ಇದೆ, ಒಳಗಿದ್ದ ತೋಟಗಾರ್ತಿ ಇಲ್ಲ.

ಇದನ್ನು ನಾನು ಇಷ್ಟು ಎಳೆದು ಹೇಳಲು ಕಾರಣವಿದೆ. ಅಮ್ಮ ಮೂವತ್ತೆಂಟು ವರ್ಷ ಅಂಗನವಾಡಿ ನಡೆಸಿದವಳು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ನಮ್ಮೂರಿಗೆ ಬಂದಾಗ ಅಮ್ಮನಿಗೆ ಇಪ್ಪತ್ತೆರಡು. ಅಂಗನವಾಡಿ ಎಂಬ ಹೆಸರನ್ನು ನಮ್ಮೂರಿನ ಪಟೇಲರು 'ಅಂಗನೆಯರ ವಾಡಿ' ಎಂದು ಬಿಡಿಸುತ್ತಿದ್ದರು. ಅದು ತಪ್ಪು. ಇಲ್ಲಿನ ಅಂಗನ ನಮ್ಮ ಅಂಗಳ. ವಾಡಿ ಎಂದರೆ ಸಂಸ್ಕೃತದ ವಾಟಿ, ವಾಟಿಕೆ, ಸುತ್ತುಗಟ್ಟಿದ ತೋಟ. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿಗಳನ್ನು ಕಟ್ಟಿದರು. ಬಾಲವಾಡಿ ಎಂದರೆ ಅಕ್ಷರಶಃ ಕಿಂಡರ್‌ಗಾರ್ಟನ್ನೇ. ಮಕ್ಕಳು ಅಲ್ಲಿಗೆ ಬಾರದಿದ್ದರೆ ಅವರ ಅಂಗಳಕ್ಕೇ ಅದನ್ನು ಒಯ್ಯೋಣ ಎಂಬುದು ಅವರದೇ ದಾರಿ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಶಾಲೆಗೆ ಇಟ್ಟ ಹೆಸರು 'ಬಾಲವನ'. ಕಾರಂತರು ಬೇಲಿಯನ್ನೂ ತೆಗೆದುಹಾಕಿದರು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಪಟ್ಟಣದ ಶಾಲೆಗಳು ಇದ್ಯಾವುದೂ ಬೇಡವೆಂದು ಎಲ್‌ಕೆಜಿ, ಯುಕೆಜಿ ಎಂದವು. ಫ್ರೋಬೆಲನ ತೋಟ ಅಲ್ಲಿ ಒಂದು 'ಜಿ' ಆಗಿ ಉಳಿದಿದೆ. ಚಿಕ್ಕವಳಿದ್ದಾಗ ಅದು ಮಕ್ಕಳನ್ನು ತೂಗುವ ಕೆ.ಜಿ. ಎಂದುಕೊಂಡಿದ್ದೆ, ಏಕೆಂದರೆ ಅಮ್ಮನ ಅಂಗನವಾಡಿಯಲ್ಲಿ ನಮ್ಮನ್ನು ತಿಂಗಳಿಗೊಮ್ಮೆ ನಿಜವಾಗಿಯೂ ತೂಗುತ್ತಿದ್ದರು.

ನನ್ನ ಮೊದಲ ಲೆಕ್ಕಶಾಸ್ತ್ರದ ಪಾಠ ಅಲ್ಲೇ. ರವೆ, ಎಣ್ಣೆ, ಬೆಲ್ಲದ ದಾಸ್ತಾನು ಪುಸ್ತಕ. ಆರಂಭ ಶಿಲ್ಕು, ಬಂದದ್ದು, ಖರ್ಚಾದದ್ದು, ಅಖೈರು ಶಿಲ್ಕು. ರಾತ್ರಿ ಲಾಟೀನಿನ ಮುಂದೆ ಅಮ್ಮ ಹೇಳುತ್ತಿದ್ದಳು, ನಾನು ಕೂಡುತ್ತಿದ್ದೆ. ಊರೆಲ್ಲ ಅವಳನ್ನು ಟೀಚರಮ್ಮ ಎನ್ನುತ್ತಿತ್ತು. ಕಾಗದದಲ್ಲಿ ಮಾತ್ರ ಟೀಚರ್ ಎಂಬ ಪದ ಎಲ್ಲೂ ಇರಲಿಲ್ಲ. ಕಾರ್ಯಕರ್ತೆ. ಕೊಡುತ್ತಿದ್ದುದು ಸಂಬಳವಲ್ಲ, ಗೌರವಧನ. ಇದು ಬರೀ ಶಬ್ದದ ವಿಷಯವಲ್ಲ. ಸಂಬಳ ಎಂದರೆ ಪಿಎಫ್, ಪಿಂಚಣಿ, ಗ್ರಾಚ್ಯುಟಿ ಹಿಂದೆಯೇ ಬರುತ್ತವೆ. ಗೌರವಧನದ ಹಿಂದೆ ಏನೂ ಬರುವುದಿಲ್ಲ. 2006ರ ಡಿಸೆಂಬರಿನಲ್ಲಿ, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಮೊಕದ್ದಮೆಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರ ಏಪ್ರಿಲ್ 25ರಂದು, ಗುಜರಾತಿನ ಮೊಕದ್ದಮೆಯಲ್ಲಿ, ಅವರಿಗೂ 1972ರ ಗ್ರಾಚ್ಯುಟಿ ಕಾಯಿದೆ ಅನ್ವಯಿಸುತ್ತದೆ ಎಂದು ಅದೇ ಕೋರ್ಟು ಹೇಳಿತು. ಅಮ್ಮ 2020ರಲ್ಲಿ ಅರವತ್ತು ತುಂಬಿ ಹೊರಗೆ ಬಂದಿದ್ದಳು. ಅವಳ ಕೈಗೆ ಬಂದ ಕಾಗದದಲ್ಲಿ ನಿವೃತ್ತಿ ಎಂಬ ಪದವೂ ಇರಲಿಲ್ಲ. ಗೌರವ ಸೇವೆಯಿಂದ ಬಿಡುಗಡೆ ಎಂದಿತ್ತು.

ಕ್ಯಾಲಿಫೋರ್ನಿಯಾದವರ ಲೆಕ್ಕವೂ ಪೂರ್ತಿ ನೇರವಾಗಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ಇಂದಿಗೂ ಕಿಂಡರ್‌ಗಾರ್ಟನ್ ಕಡ್ಡಾಯವಲ್ಲ. ಕಡ್ಡಾಯ ಮಾಡುವ ಮಸೂದೆಗೆ 2022ರಲ್ಲಿ ರಾಜ್ಯಪಾಲರು, ಖರ್ಚು ಜಾಸ್ತಿ ಎಂದು, ಸಹಿ ಹಾಕಲಿಲ್ಲ. ಆದರೂ ಮಗನ ಟೀಚರಿಗೆ ಸಂಬಳ ಇದೆ, ಪಿಂಚಣಿ ಇದೆ, ಯೂನಿಯನ್ ಇದೆ. ಒಂದು ದಿನ ಗೇಟಿನ ಹತ್ತಿರ ಆಕೆ, ನಿಮ್ಮ ತಾಯಿ ಏನು ಮಾಡುತ್ತಿದ್ದರು ಎಂದು ಕೇಳಿದಳು. ಕಿಂಡರ್‌ಗಾರ್ಟನ್ ಟೀಚರ್ ಆಗಿದ್ದರು ಎಂದೆ. ಆಕೆ ಎರಡೂ ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡು ಕುಲುಕಿದಳು. ದಾರಿಯಲ್ಲಿ ಅಮ್ಮ, "ಸುಳ್ಳು ಯಾಕೆ ಹೇಳಿದೆ? ಟೀಚರ್ ಅಲ್ಲ ಅಂತ ಬರ್ಕೊಟ್ಟಿದಾರಲ್ಲ" ಅಂದಳು.

ನಾನು ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುವ ಇನ್ನೊಂದು ಕಾಗದವೂ ನನ್ನ ಬಳಿ ಇತ್ತು. 2014ರಲ್ಲಿ ಅವಳ ಮೊದಲ ವೀಸಾ ಅರ್ಜಿ ತುಂಬಿದ್ದು ನಾನೇ. ಉದ್ಯೋಗದ ಕಾಲಮ್ಮಿನಲ್ಲಿ 'ಗೃಹಿಣಿ' ಎಂದು ಹಾಕಿದ್ದೆ. ಆಗ ಅವಳು ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಅಂಗನವಾಡಿಯ ಬಾಗಿಲು ತೆಗೆಯುತ್ತಿದ್ದಳು. ಸಂಬಳದ ಚೀಟಿ ಇಲ್ಲ, ನೇಮಕಾತಿ ಆದೇಶ ತೋರಿಸಲು ಹೋದರೆ ತೊಡಕು, ಸುಲಭವಾದದ್ದನ್ನು ಬರೆದುಬಿಡೋಣ ಎಂದುಕೊಂಡಿದ್ದೆ. ಬೇರೆಯವರ ಆದಾಯವನ್ನು ತಪ್ಪು ಕಾಲಮ್ಮಿಗೆ ಹಾಕಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಆ ವೀಸಾ ಹತ್ತು ವರ್ಷ ತುಂಬಿ ಮುಗಿಯಿತು. ಹೊಸ ಅರ್ಜಿಯನ್ನು ವೀಡಿಯೋ ಕಾಲಿನಲ್ಲಿ ಅವಳನ್ನು ಕೂರಿಸಿಕೊಂಡೇ ತುಂಬಿದೆ. ಹಿಂದಿನ ಉದ್ಯೋಗ ಎಂಬ ಕಾಲಂ ಬಂತು. ಕಿಂಡರ್‌ಗಾರ್ಟ್‌ನರ್ ಎಂದು ಹಳೆಯ ಅರ್ಥದಲ್ಲಿ ಬರೆಯುವ ಆಸೆ ಒಂದು ಗಳಿಗೆ ಬಂದದ್ದು ನಿಜ, ಆದರೆ ಅರವತ್ತನಾಲ್ಕು ವರ್ಷದ ಹೆಂಗಸು ಐದು ವರ್ಷದವರ ತರಗತಿಯಲ್ಲಿ ಕೂತಿದ್ದಳು ಎಂದುಕೊಂಡು ಚೆನ್ನೈನ ಅಧಿಕಾರಿ ಗಾಬರಿಯಾದಾನು. ಟೀಚರ್ ಎಂದು ಬರೆದೆ.

"ಕೆಲಸ ಕೊಟ್ಟವರು ಯಾರು ಅಂತ ಕೇಳ್ತಿದೆ ಅಮ್ಮ, ಏನು ಹಾಕಲಿ?"

ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಯೋಚಿಸಿದಳು. "ಸಿಡಿಪಿಒ ಆಫೀಸು, ತಿಪಟೂರು ಅಂತ ಹಾಕು," ಅಂದಳು. "ಕೇಳಿದ್ರೆ ಹಾಜರಿ ಪುಸ್ತಕ ಎಲ್ಲಾ ಅಲ್ಲೇ ಇರ್ತಾವೆ."